ಬಲವಂತ ಮಾಡಿ ಕರೆದದ್ದು

ಕೇಳುಗರಿಗೆ ನಮಸ್ಕಾರ.

ತೀರ್ಥಹಳ್ಳಿ ಕಡೆಯ ನಮ್ಮೂರಿನಲ್ಲಿ ಅಂದು ಒಂದು ಗೃಹಪ್ರವೇಶ. ನಾನಾಗ ಚಿಕ್ಕವನು. ಅಮ್ಮ ಅಡಿಕೆ ಸುಲಿದು ಕಪ್ಪಾದ ಬೆರಳುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ದಣಪೆಯ ಆಚೆಯೇ ನಿಂತಿದ್ದಳು. ಮನೆಯೊಡತಿ ಹೊರಗೆ ಬಂದವರೇ ಅವಳ ಮೊಣಕೈ ಹಿಡಿದರು. “ಊಟದ ಹೊತ್ತಿಗೆ ಬಂದು ಹಾಗೇ ಹೋಗ್ತಾರೇನೇ? ಬಾ ಒಳಗೆ.” ಅಮ್ಮ ಎರಡು ಸಲ ಬೇಡ ಎಂದಳು. ಮೂರನೆಯ ಸಲ ಕರೆದಾಗ ಹೋಗಿ ಎಲೆಯ ಮುಂದೆ ಕೂತಳು.

ಬೈಬಲಿನಲ್ಲಿರುವ ಲೂಕನ ಶುಭಸಂದೇಶದ 14ನೇ ಅಧ್ಯಾಯವನ್ನು ಭಾನುವಾರ ಮಕ್ಕಳಿಗೆ ಹೇಳಿಕೊಡುವಾಗಲೆಲ್ಲ ನನಗೆ ಆ ಕೈ ನೆನಪಾಗುತ್ತದೆ. ಯೇಸುಸ್ವಾಮಿ ಹೇಳಿದ ಔತಣದ ಕತೆ ಅದು. ಕರೆಸಿಕೊಂಡವರು ಹೊಲ ಕೊಂಡೆ, ಎತ್ತು ಕೊಂಡೆ, ಮದುವೆಯಾದೆ ಎಂದು ನೆವ ಹೇಳುತ್ತಾರೆ. ಯಜಮಾನ ಬಡವರನ್ನೂ ಕುರುಡರನ್ನೂ ಕುಂಟರನ್ನೂ ಕರೆಸುತ್ತಾನೆ. ಇನ್ನೂ ಜಾಗ ಉಳಿಯುತ್ತದೆ. ಆಗ ಆಳಿಗೆ ಹೇಳುತ್ತಾನೆ, ದಾರಿಗೂ ಬೇಲಿಗಳ ಹತ್ತಿರಕ್ಕೂ ಹೋಗಿ ಸಿಕ್ಕವರನ್ನು ಬಲವಂತ ಮಾಡಿ ಕರೆದುಕೊಂಡು ಬಾ ಎಂದು.

ಈ ಒಂದು ‘ಬಲವಂತ’ದಿಂದ ಎಷ್ಟು ಅನಾಹುತವಾಯಿತು! ಐದನೇ ಶತಮಾನದ ಆರಂಭದಲ್ಲಿ ಉತ್ತರ ಆಫ್ರಿಕದ ಹಿಪ್ಪೋ ನಗರದ ಧರ್ಮಾಧ್ಯಕ್ಷರಾಗಿದ್ದ ಸಂತ ಅಗಸ್ಟೀನರು, ಮುಖ್ಯ ಧರ್ಮಸಭೆಯಿಂದ ಬೇರೆಯಾಗಿ ನಿಂತಿದ್ದ ಡೊನಾಟಿಸ್ಟ್ ಎಂಬ ಪಂಗಡದ ಕ್ರೈಸ್ತರ ಮೇಲೆ ರಾಜಾಜ್ಞೆಯ ಬಲ ಬಳಸುವುದನ್ನು ಇದೇ ವಾಕ್ಯದಿಂದ ಸಮರ್ಥಿಸಿದರು. ಮೊದಲು ಬಲಪ್ರಯೋಗ ಬೇಡವೆಂದಿದ್ದವರೂ ಅವರೇ. ನನಗೆ ಅವರ ಮೇಲೆ ಭಕ್ತಿ ಇದೆ, ಆದರೂ ಇಲ್ಲಿ ಅವರು ತಪ್ಪಿದರು ಎಂದೇ ಹೇಳುತ್ತೇನೆ. 1686ರಲ್ಲಿ ಪಿಯರ್ ಬೇಲ್ ಎಂಬ ಫ್ರೆಂಚ್ ಚಿಂತಕ ಈ ಓದನ್ನು ಅಲ್ಲಗಳೆಯಲು ಒಂದು ಪುಸ್ತಕವನ್ನೇ ಬರೆಯಬೇಕಾಯಿತು.

ಕತೆಯಲ್ಲಿ ಕತ್ತಿ ಎಲ್ಲಿದೆ? ಹೋದವನು ಒಬ್ಬನೇ ಆಳು. ಬೇಲಿಯ ಬಳಿ ಇದ್ದವರಿಗೆ ದೊಡ್ಡಮನೆಯ ಹೊಸ್ತಿಲು ದಾಟಲು ಸಂಕೋಚ. ನಮ್ಮಲ್ಲಿ ಹೋಳಿಗೆ ಬಡಿಸುವವರು ಮಾಡುವ ಬಲವಂತ ಗೊತ್ತಿರುವವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ. ಯೇಸು ಶಿಷ್ಯರನ್ನು ದೋಣಿ ಹತ್ತಿಸಿದರು ಎನ್ನುವಲ್ಲಿ ಇನ್ನೊಂದು ಶುಭಸಂದೇಶ ಬರೆದ ಮತ್ತಾಯ ಬಳಸಿದ್ದೂ ಇದೇ ಗ್ರೀಕ್ ಕ್ರಿಯಾಪದ.

ಯೇಸುವಿನ ಇನ್ನೊಂದು ಮಾತೂ ಇದೆ. “ಹೋಗಿ, ಸಕಲ ಜನಾಂಗಗಳನ್ನು ಶಿಷ್ಯರನ್ನಾಗಿ ಮಾಡಿರಿ” ಎಂಬ ಮತ್ತಾಯನ 28ನೇ ಅಧ್ಯಾಯದ ಮಾತನ್ನು ಇಂಗ್ಲೆಂಡಿನ ಪಾದ್ರಿ ವಿಲಿಯಂ ಕೇರಿ 1792ರಲ್ಲಿ ಎಲ್ಲ ಕ್ರೈಸ್ತರ ಕರ್ತವ್ಯವೆಂದು ವಾದಿಸಿದ. ಗ್ರೀಕಿನಲ್ಲಿ ಅಪ್ಪಣೆಯ ರೂಪದಲ್ಲಿರುವ ಕ್ರಿಯಾಪದ ‘ಶಿಷ್ಯರನ್ನಾಗಿ ಮಾಡಿ’ ಎಂಬುದು. ಶಿಷ್ಯನೆಂದರೆ ತಾನಾಗಿ ಬಂದು ಕಲಿಯಲು ಕೂತವನು. ಕೈಕಾಲು ಕಟ್ಟಿ ಯಾರನ್ನಾದರೂ ಶಿಷ್ಯನನ್ನಾಗಿ ಮಾಡಲಾದೀತೇ? ಕಥೋಲಿಕ ಧರ್ಮಾಧ್ಯಕ್ಷರೆಲ್ಲ ಸೇರಿದ ಎರಡನೇ ವ್ಯಾಟಿಕನ್ ಮಹಾಸಭೆಯೂ 1965ರಲ್ಲಿ ಒತ್ತಾಯದಿಂದಾಗಲಿ ಆಮಿಷದಿಂದಾಗಲಿ ಯಾರನ್ನೂ ವಿಶ್ವಾಸಕ್ಕೆ ಎಳೆಯಕೂಡದೆಂದು ಕಟ್ಟುನಿಟ್ಟಾಗಿ ಹೇಳಿತು.

ಅಮ್ಮ ಮೂರನೆಯ ಸಲವೂ ಬೇಡ ಎಂದಿದ್ದರೆ ಆ ಮನೆಯೊಡತಿ ಕೈ ಬಿಟ್ಟು, ನಾಲ್ಕು ಹೋಳಿಗೆ ಬಾಳೆಲೆಯಲ್ಲಿ ಕಟ್ಟಿ ನನ್ನ ಕೈಗೆ ಕೊಟ್ಟು ಕಳಿಸುತ್ತಿದ್ದರು.