ಮೂರು ಸಲ ಎತ್ತಬಹುದು

ಕೇಳುಗರಿಗೆ ನಮಸ್ಕಾರ.

ಭಾರ ಎತ್ತುವ ಸ್ಪರ್ಧೆಯನ್ನು ನೀವು ಟಿವಿಯಲ್ಲಿ ನೋಡಿರಬಹುದು. ಒಬ್ಬರು ಬರುತ್ತಾರೆ, ಕೈಗೆ ಬಿಳಿ ಪುಡಿ ಹಚ್ಚಿಕೊಳ್ಳುತ್ತಾರೆ, ಎತ್ತುತ್ತಾರೆ, ಧಡ್ ಎಂದು ಕೆಳಗೆ ಬಿಡುತ್ತಾರೆ. ಇಷ್ಟೇ ಅಲ್ವಾ ಅನ್ನಿಸುತ್ತದೆ. ನನಗೂ ಮೊದಲು ಹಾಗೇ ಅನ್ನಿಸಿತ್ತು. ಆದರೆ ಈ ಆಟಕ್ಕೆ ಒಂದು ಕಟುವಾದ ನಿಯಮವಿದೆ. ಅದನ್ನು ಮೊದಲು ಹೇಳಿಬಿಡುತ್ತೇನೆ.

ಎತ್ತುವುದರಲ್ಲಿ ಎರಡು ಬಗೆ. ನೆಲದಿಂದ ಒಂದೇ ಬೀಸಿಗೆ ತಲೆಯ ಮೇಲಕ್ಕೆ ಒಯ್ದರೆ ಅದು ಸ್ನ್ಯಾಚ್. ಮೊದಲು ಹೆಗಲಿಗೆ ತಂದು, ಆಮೇಲೆ ತಲೆಯ ಮೇಲಕ್ಕೆ ತಳ್ಳಿದರೆ ಕ್ಲೀನ್ ಅಂಡ್ ಜರ್ಕ್. ಒಂದೊಂದಕ್ಕೂ ಮೂರು ಅವಕಾಶ. ಎರಡರಲ್ಲೂ ಎತ್ತಿದ ಜಾಸ್ತಿ ತೂಕವನ್ನು ಕೂಡಿಸಿ ಒಲಿಂಪಿಕ್ಸ್‌ನಲ್ಲಿ ಪದಕ ಕೊಡುತ್ತಾರೆ. ಯಾವುದಾದರೂ ಒಂದರಲ್ಲಿ ಮೂರೂ ಸಲ ತಪ್ಪಿತೋ, ಮುಗಿಯಿತು. ಸ್ನ್ಯಾಚ್‌ನಲ್ಲಿ ದಾಖಲೆಯನ್ನೇ ಮುರಿದಿರಲಿ, ಒಲಿಂಪಿಕ್ಸ್‌ನಲ್ಲಿ ಕೈಗೆ ಸಿಗುವುದು ಸೊನ್ನೆ.

ಈ ಮೂರು ಸಲದ ಲೆಕ್ಕ ಫಿಲಿಪೀನ್ಸ್‌ನ ಒಬ್ಬ ಹುಡುಗಿಯನ್ನು ಒಮ್ಮೆ ಬೀಳಿಸಿತು, ಒಮ್ಮೆ ಎತ್ತಿತು. ಮತ್ತೊಮ್ಮೆ ಆಕೆಯೇ ಅದನ್ನು ಗೆದ್ದಳು. ಹೆಸರು ಹಿಡಿಲಿನ್ ಡಿಯಾಜ್. ನಮ್ಮ ಕಿವಿಗೆ ಆ ಹೆಸರಿನಲ್ಲೇ ಒಂದು 'ಹಿಡಿ' ಇದೆ ನೋಡಿ!

ಫಿಲಿಪೀನ್ಸ್‌ನ ದಕ್ಷಿಣ ಭಾಗದಲ್ಲಿ ಜಾಂಬೊವಾಂಗಾ ಎಂಬ ಬಂದರು ನಗರವಿದೆ. ಹಿಡಿಲಿನ್ ಅಲ್ಲಿ 1991ರಲ್ಲಿ ಹುಟ್ಟಿದಳು. ಆರು ಮಕ್ಕಳಲ್ಲಿ ಐದನೆಯವಳು. ಅಪ್ಪ ಟ್ರೈಸಿಕಲ್ ಓಡಿಸುತ್ತಿದ್ದರು. ಟ್ರೈಸಿಕಲ್ ಅಂದರೆ ಬೈಕಿನ ಪಕ್ಕಕ್ಕೆ ಒಂದು ಡಬ್ಬಿ ಜೋಡಿಸಿದ ಬಾಡಿಗೆ ಗಾಡಿ, ನಮ್ಮ ಆಟೋದ ಹಾಗೆ. ಅಪ್ಪ ಹೊಲದಲ್ಲೂ ದುಡಿದರು, ಮೀನೂ ಹಿಡಿದರು. ಮನೆಗೆ ನೀರು ದೂರದಿಂದ ಬರಬೇಕಿತ್ತು. ಅದನ್ನು ಹೊತ್ತು ತರುವುದು ಮಕ್ಕಳ ಕೆಲಸ. ಆ ಹುಡುಗಿಗೆ ದೊಡ್ಡವಳಾದ ಮೇಲೆ ಬ್ಯಾಂಕಿನಲ್ಲಿ ಕೆಲಸ ಮಾಡುವ ಆಸೆಯಿತ್ತು. ಆದರೆ ಸಂಬಂಧಿಯೊಬ್ಬರು ಭಾರ ಎತ್ತುವುದನ್ನು ಕಲಿಸಿದರು. ಕಬ್ಬಿಣದ ಸಲಕರಣೆ ಎಲ್ಲಿಂದ ಬರಬೇಕು? ಪ್ಲಾಸ್ಟಿಕ್ ಪೈಪು, ಮನೆಯಲ್ಲೇ ಎರಕ ಹೊಯ್ದ ಸಿಮೆಂಟಿನ ಗುಂಡು. ಅದರಲ್ಲೇ ಕಲಿತಳು.

2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ವೈಲ್ಡ್ ಕಾರ್ಡ್ ಮೂಲಕ, ಅಂದರೆ ವಿಶೇಷ ಆಹ್ವಾನದ ಮೇಲೆ, ಜಾಗ ಸಿಕ್ಕಿತು. ಆಗ ಆಕೆಗೆ 17 ವರ್ಷ. ಫಿಲಿಪೀನ್ಸ್‌ನಿಂದ ಒಲಿಂಪಿಕ್ಸ್‌ಗೆ ಹೋದ ಮೊದಲ ಮಹಿಳಾ ಲಿಫ್ಟರ್. 58 ಕೆಜಿ ವಿಭಾಗದಲ್ಲಿ, ಅಂದರೆ ಮೈತೂಕ 58 ಕೆಜಿ ಮೀರದವರ ಗುಂಪಿನಲ್ಲಿ, ಒಟ್ಟು 192 ಕೆಜಿ ಎತ್ತಿದಳು. ಚಿನ್ನ ಗೆದ್ದ ಚೀನಾದ ಚೆನ್ ಯಾನ್‌ಚಿಂಗ್ ಎತ್ತಿದ್ದು 244. ಅಂತರ 52 ಕೆಜಿ, ಹೆಚ್ಚುಕಡಿಮೆ ಇನ್ನೊಬ್ಬ ಮನುಷ್ಯನ ತೂಕ. ಹನ್ನೆರಡು ಜನರಲ್ಲಿ ಅಂದು ಹನ್ನೊಂದನೆಯ ಸ್ಥಾನ. ಸೋಲು ಅಂತ ಅನ್ನಬೇಡಿ. ಆ 192 ಆಕೆಯ ದೇಶದ ದಾಖಲೆಯಾಗಿತ್ತು.

ನಾಲ್ಕು ವರ್ಷದ ನಂತರ ಲಂಡನ್. ಉದ್ಘಾಟನೆಯ ದಿನ ದೇಶದ ಬಾವುಟ ಹಿಡಿದು ಮುಂದೆ ನಡೆದವಳು ಹಿಡಿಲಿನ್. ಸ್ಪರ್ಧೆಯಲ್ಲಿ ಸ್ನ್ಯಾಚ್ ಮುಗಿಸಿದಳು. ಕ್ಲೀನ್ ಅಂಡ್ ಜರ್ಕ್‌ಗೆ ಬಂದಳು. ಮೊದಲ ಸಲ ತಪ್ಪಿತು. ಎರಡನೇ ಸಲವೂ ತಪ್ಪಿತು. ಮೂರನೇ ಸಲವೂ ತಪ್ಪಿತು. ಫಲಿತಾಂಶದ ಪಟ್ಟಿಯಲ್ಲಿ ಹೆಸರಿನ ಮುಂದೆ ಮೊತ್ತವೇ ಇಲ್ಲ. ಬಾವುಟ ಹಿಡಿದ ಕೈ ಅದು. ಆ ವಾರ ಆಕೆಗೆ ಹೇಗಿದ್ದಿರಬಹುದು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಆಮೇಲೆ ಆಕೆ 53 ಕೆಜಿ ವಿಭಾಗಕ್ಕೆ ಇಳಿದಳು. 2016ರ ಆಗಸ್ಟ್ 7, ರಿಯೊ. ಚೀನಾದ ಲಿ ಯಾಜುನ್ ಸ್ನ್ಯಾಚ್‌ನಲ್ಲಿ 101 ಕೆಜಿ ಎತ್ತಿ ಒಲಿಂಪಿಕ್ ದಾಖಲೆ ಬರೆದಳು. ನಂತರ ಕ್ಲೀನ್ ಅಂಡ್ ಜರ್ಕ್‌ನಲ್ಲಿ ಮೂರೂ ಸಲ ತಪ್ಪಿದಳು. ಲಂಡನ್ನಿನಲ್ಲಿ ಹಿಡಿಲಿನ್‌ಗೆ ಆದದ್ದೇ ಇಲ್ಲಿ ಆಕೆಗೆ ಆಯಿತು. 88 ಮತ್ತು 112, ಒಟ್ಟು 200 ಕೆಜಿ ಎತ್ತಿದ ಹಿಡಿಲಿನ್‌ಗೆ ಬೆಳ್ಳಿ ಬಂತು. ಮೂರನೆಯವಳಾದ ಕೊರಿಯಾದ ಯುನ್ ಜಿನ್‌ಹಿ 199. ಅಂತರ ಒಂದೇ ಒಂದು ಕಿಲೋ. ಫಿಲಿಪೀನ್ಸ್‌ಗೆ 20 ವರ್ಷಗಳಿಂದ ಒಲಿಂಪಿಕ್ ಪದಕವೇ ಸಿಕ್ಕಿರಲಿಲ್ಲ.

ಕೆಲವರು ಇದನ್ನು ಅದೃಷ್ಟ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಬೇರೆಯವರು ಬಿದ್ದಾಗ ನಾವು ನಿಂತಿರಬೇಕು. ನಿಲ್ಲುವುದು ಎಷ್ಟು ಕಷ್ಟ ಅನ್ನುವುದು ನಮಗೂ ಗೊತ್ತು. ಅದೇ ರಿಯೊದಲ್ಲಿ, ಅದರ ಹಿಂದಿನ ದಿನವೇ, ನಮ್ಮ ಮೀರಾಬಾಯಿ ಚಾನು ಕ್ಲೀನ್ ಅಂಡ್ ಜರ್ಕ್‌ನಲ್ಲಿ ಮೂರು ಸಲ ತಪ್ಪಿ ಸೊನ್ನೆಯೊಂದಿಗೆ ಹೊರಬಂದಿದ್ದಳು.

2018ರಲ್ಲಿ ಜಕಾರ್ತಾದ ಏಷ್ಯನ್ ಕ್ರೀಡಾಕೂಟದಲ್ಲಿ ಹಿಡಿಲಿನ್‌ಗೆ ಚಿನ್ನ. ನಂತರದ ಗುರಿ ಟೋಕಿಯೊ. 2020ರ ಆರಂಭದಲ್ಲಿ ತರಬೇತಿಗೆಂದು ಮಲೇಷ್ಯಾಕ್ಕೆ ಹೋದಳು. ಕೊರೊನಾ ಬಂತು. ಗಡಿ ಮುಚ್ಚಿತು, ಜಿಮ್‌ಗಳೂ ಮುಚ್ಚಿದವು. ಸುಮ್ನೆ ಕೂರುವಂತಿರಲಿಲ್ಲ. ಬಿದಿರಿನ ಕೋಲಿನ ಎರಡು ತುದಿಗೆ ನೀರು ತುಂಬಿದ ದೊಡ್ಡ ಬಾಟಲಿ ಕಟ್ಟಿ ಎತ್ತತೊಡಗಿದಳು. ಬಾಲ್ಯದಲ್ಲಿ ನೀರು ಹೊತ್ತವಳು ಒಲಿಂಪಿಕ್ ಬೆಳ್ಳಿ ಗೆದ್ದ ಮೇಲೂ ನೀರನ್ನೇ ಹೊತ್ತಳು. ಮುಂದೆ ಮಲಾಕ್ಕಾದಲ್ಲಿ ಒಂದು ಮನೆಯ ಕಾರು ನಿಲ್ಲಿಸುವ ಜಾಗವೇ ಆಕೆಯ ಜಿಮ್ ಆಯಿತು.

2021ರ ಜುಲೈ 26. ಎರಡು ದಿನ ಮೊದಲು ಮೀರಾಬಾಯಿ ಟೋಕಿಯೊದಲ್ಲಿ ಬೆಳ್ಳಿ ಗೆದ್ದಿದ್ದಳು. ಈಗ 55 ಕೆಜಿ ವಿಭಾಗ. ಎದುರಿಗೆ 2019ರ ವಿಶ್ವ ಚಾಂಪಿಯನ್, ಚೀನಾದ ಲಿಯಾವೊ ಚಿಯುಯುನ್. ಹಿಡಿಲಿನ್‌ಳ ಕೋಚ್ ಗಾವೊ ಕೈವೆನ್ ಅವರೂ ಚೀನಾದವರೇ. ಸ್ನ್ಯಾಚ್‌ನಲ್ಲಿ ಇಬ್ಬರೂ 97ಕ್ಕೆ ಸಮ. ಕೊನೆಯ ಸುತ್ತಿನಲ್ಲಿ ಲಿಯಾವೊ 126 ಎತ್ತಿದಳು. ಮೊತ್ತ 223. ಹಿಡಿಲಿನ್‌ಗೆ ಉಳಿದದ್ದು ಒಂದೇ ಅವಕಾಶ, ಮೂರನೆಯದು. ಎತ್ತುವ ಸರಳಿಗೆ, ಅಂದರೆ ಬಾರ್‌ಗೆ, 127 ಹಾಕಿಸಿದರು.

ಹೆಗಲಿಗೆ ಬಂತು. ಒಂದು ಕ್ಷಣ ನಿಂತಳು. ತಲೆಯ ಮೇಲಕ್ಕೆ ಹೋಯಿತು. ಕೈ ನೆಟ್ಟಗಾಯಿತು. ಬಾರ್ ಬಿಟ್ಟವಳೇ ಅತ್ತುಬಿಟ್ಟಳು.

ಒಟ್ಟು 224 ಕೆಜಿ, ಒಲಿಂಪಿಕ್ ದಾಖಲೆ. ಮತ್ತೆ ಒಂದೇ ಕಿಲೋ ಅಂತರ. ಫಿಲಿಪೀನ್ಸ್ 1924ರಿಂದ ಒಲಿಂಪಿಕ್ಸ್‌ಗೆ ಹೋಗುತ್ತಿದೆ. 97 ವರ್ಷಗಳಲ್ಲಿ ಅದು ಮೊದಲ ಚಿನ್ನ. ಆಗ ವಾಯುಪಡೆಯಲ್ಲಿ ಕೆಲಸ ಮಾಡುತ್ತಿದ್ದ ಹಿಡಿಲಿನ್, ಬಾವುಟ ಮೇಲೇರುವಾಗ ಮಾಸ್ಕ್ ಧರಿಸಿಯೇ ಸೆಲ್ಯೂಟ್ ಹೊಡೆದಳು. ಅದನ್ನು ನೋಡುವಾಗ ಈಗಲೂ ನನ್ನ ಕಣ್ಣು ತುಂಬುತ್ತದೆ.

ಮುಂದಿನ ವರ್ಷ ಬೊಗೊಟಾದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಸ್ನ್ಯಾಚ್, ಕ್ಲೀನ್ ಅಂಡ್ ಜರ್ಕ್, ಒಟ್ಟು ತೂಕ ಮೂರಕ್ಕೂ ಆಕೆಗೇ ಚಿನ್ನ. ಆದರೆ ಪ್ಯಾರಿಸ್ ಒಲಿಂಪಿಕ್ಸ್‌ಗೆ 55 ಕೆಜಿ ವಿಭಾಗವೇ ಇರಲಿಲ್ಲ. 59ಕ್ಕೆ ಏರಬೇಕಾಯಿತು. ಒಂದು ದೇಶದಿಂದ ಒಂದು ವಿಭಾಗಕ್ಕೆ ಒಬ್ಬರೇ. 2024ರ ಏಪ್ರಿಲ್‌ನಲ್ಲಿ ಥಾಯ್ಲೆಂಡ್‌ನ ಫುಕೆಟ್‌ನಲ್ಲಿ ನಡೆದ ಅರ್ಹತಾ ಸ್ಪರ್ಧೆಯಲ್ಲಿ ಹಿಡಿಲಿನ್ 222 ಎತ್ತಿದಳು. ಸೆಬು ನಗರದ ಎಲ್ರೀನ್ ಆಂಡೊ 228 ಎತ್ತಿದಳು. ಪ್ಯಾರಿಸ್‌ಗೆ ಹೋದದ್ದು ಎಲ್ರೀನ್.

ಮನಿಲಾದ ಹತ್ತಿರ, ರಿಸಾಲ್ ಪ್ರಾಂತ್ಯದ ಜಲಾಜಲಾ ಎಂಬ ಊರಿನಲ್ಲಿ ಹಿಡಿಲಿನ್ ಒಂದು ಅಕಾಡೆಮಿ ಕಟ್ಟಿದ್ದಾಳೆ. ಅಲ್ಲಿ ಕಲಿಯುವ ಮಕ್ಕಳ ಕೈಗೆ ಪ್ಲಾಸ್ಟಿಕ್ ಪೈಪೂ ಸಿಮೆಂಟಿನ ಗುಂಡೂ ಅಲ್ಲ, ನಿಜವಾದ ಬಾರ್ ಸಿಗುತ್ತದೆ.

ನಮಸ್ಕಾರ.