ಬುಧವಾರ ಸಂಜೆಯ ಹಕ್ಕಲು

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ಕೋಲಾರ ಜಿಲ್ಲೆಯವನು, ಮುಳಬಾಗಿಲು ಕಡೆಯ ಒಂದು ಸಣ್ಣ ಊರು. ಬುಧವಾರ ಸಂಜೆ ಡೈರಿಗೆ ಹಾಲು ಹಾಕಿ ಬಂದ ಮೇಲೆ ನಾವು ಏಳೆಂಟು ಜನ ಒಂದು ಮನೆಯ ಪಡಸಾಲೆಯಲ್ಲಿ ಕೂತು ಬೈಬಲ್ ಓದುತ್ತೇವೆ. ಒಬ್ಬರು ಗಟ್ಟಿಯಾಗಿ ಓದುತ್ತಾರೆ, ಉಳಿದವರು ಕೇಳುತ್ತಾರೆ. ಒಬ್ಬರು ತೆಲುಗು ಬೈಬಲ್ ತರುತ್ತಾರೆ. ನಮ್ಮ ಗಡಿ ಸೀಮೆಯಲ್ಲಿ ಅದು ಸಹಜ. ನಡುವೆ ತ್ರೀ ಫೇಸ್ ಕರೆಂಟ್ ಬಂದರೆ ಯಾರಾದರೂ ಮೋಟಾರ್ ಹಾಕಲು ಎದ್ದು ಹೋಗುತ್ತಾರೆ, ಹಾಕಿ ಮತ್ತೆ ಬಂದು ಕೂರುತ್ತಾರೆ.

ಮೊದಲು ನಾನು ಒಬ್ಬನೇ ಓದುತ್ತಿದ್ದೆ. ನಮ್ಮ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಓದುವ 66 ಪುಸ್ತಕಗಳ ಬೈಬಲಿನಲ್ಲಿ 1189 ಅಧ್ಯಾಯಗಳಿವೆ. ದಿನಕ್ಕೆ ಮೂರು, ಭಾನುವಾರ ಐದು ಓದಿದರೆ ವರ್ಷದಲ್ಲಿ ಮುಗಿಯುತ್ತದೆ. ಲೆಕ್ಕ ಸರಿಯಾಗಿಯೇ ಇದೆ. ಜನವರಿಯಲ್ಲಿ ಶುರು ಮಾಡುತ್ತಿದ್ದೆ. ಆದಿಕಾಂಡ, ವಿಮೋಚನಕಾಂಡ ಸರಾಗವಾಗಿ ಸಾಗುತ್ತಿದ್ದವು. ಯಾಜಕಕಾಂಡದ 13ನೇ ಅಧ್ಯಾಯ, ಚರ್ಮರೋಗದ ನಿಯಮಗಳು ಬಂದಾಗ ನಿಂತುಬಿಡುತ್ತಿದ್ದೆ. ಮೂರು ವರ್ಷ ಹೀಗೇ ಆಯ್ತು.

ಕೂಟ ಶುರುವಾದಾಗ ರೂತಳ ಪುಸ್ತಕ ತೆಗೆದುಕೊಂಡೆವು. ನಾಲ್ಕೇ ಅಧ್ಯಾಯ. ಎರಡನೇ ವಾರ ಓದುವ ಸರದಿ ನನ್ನದು. ಗಂಡನನ್ನು ಕಳೆದುಕೊಂಡ ಮೋವಾಬಿನ ಹೆಣ್ಣುಮಗಳು ರೂತಳು ಅತ್ತೆಯ ಜೊತೆ ಬೇತ್ಲೆಹೇಮಿಗೆ ಬಂದಿದ್ದಾಳೆ. ಜವೆಗೋಧಿಯ ಸುಗ್ಗಿ. ಹೊಟ್ಟೆಪಾಡಿಗೆ ಬೋವಜ ಎಂಬುವನ ಹೊಲದಲ್ಲಿ ಹಕ್ಕಲು ಆಯಲು ಹೋಗುತ್ತಾಳೆ. ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳು ಕೇಳಿದಳು, 'ಹಕ್ಕಲು ಅಂದ್ರೇನು?' ತೆಲುಗು ಬೈಬಲಿನವರು 'ಪರಿಗೆ' ಅಂದರು. ಅವಳಿಗೆ ಅದೂ ತಿಳಿಯಲಿಲ್ಲ.

ಆಗ ಮೂಲೆಯಲ್ಲಿದ್ದ ಅಜ್ಜಿ ಮಾತಾಡಿದರು. ಅವರಿಗೆ ಅಕ್ಷರ ಬರುವುದಿಲ್ಲ. ಚಿಕ್ಕಂದಿನಲ್ಲಿ ಕಡಲೆಕಾಯಿ ಕಿತ್ತ ಹೊಲದಲ್ಲಿ ಅವರು ಹಕ್ಕಲು, ಅಂದರೆ ಕಿತ್ತ ಮೇಲೆ ಉಳಿದುಹೋದ ಕಾಯಿ, ಆಯ್ದವರು. ಮಣ್ಣು ಒಣಗಿ ಗಟ್ಟಿಯಾಗಿರುತ್ತದೆ, ಬೆರಳಲ್ಲಿ ಕೆದಕಬೇಕು, ಉಗುರಿನ ಸಂದಿ ಉರಿಯುತ್ತದೆ. ಹೊಲದವರು ಬೈದರೆ ಬರಿಗೈಲಿ ವಾಪಸ್. ಕೈ ಮುಂದೆ ಮಾಡಿ ಬೆರಳು ಹೇಗೆ ಆಡಿಸಬೇಕೆಂದು ತೋರಿಸಿದರು.

ನಾನು ಮುಂದೆ ಓದಿದೆ. ರೂತಳು ಸಂಜೆ ಬಡಿದು ಅಳೆದಾಗ ಸುಮಾರು ಒಂದು ಏಫಾ ಜವೆಗೋಧಿ ಆಯಿತು. ಏಫಾ ಅಂದರೆ ನಮ್ಮ ಲೆಕ್ಕದಲ್ಲಿ 20 ಲೀಟರಿಗೂ ಜಾಸ್ತಿ ಅಂತ ಹೇಳಿದೆ. ಅಜ್ಜಿ ಒಪ್ಪಲಿಲ್ಲ. 'ಹಕ್ಕಲಲ್ಲಿ ಒಂದು ದಿನಕ್ಕೆ ಅಷ್ಟು ಸಿಗಲ್ಲಪ್ಪ. ಯಾರೋ ಬೇಕೂಂತ ಬಿಟ್ಟಿದಾರೆ.'

ಹಿಂದೆ ತಿರುಗಿ ನೋಡಿದರೆ ಒಂದೇ ವಚನದ ಮೇಲೆ ಅದೇ ಇದೆ! ಕೊಯ್ದು ಕಟ್ಟಿದ ಸಿವುಡುಗಳಿಂದ ತೆನೆಗಳನ್ನು ಎಳೆದು ಅವಳಿಗಾಗಿ ಬಿಡಿ, ಗದರಿಸಬೇಡಿ ಎಂದು ಬೋವಜ ಆಳುಗಳಿಗೆ ಹೇಳಿದ್ದಾನೆ. ಅದನ್ನು ನನ್ನ ಬಾಯಿಂದಲೇ ಈಗಷ್ಟೇ ಓದಿದ್ದೆ, ಮನಸ್ಸಿಗೆ ಹೋಗಿರಲಿಲ್ಲ. ಮುಂದೆ ಅತ್ತೆ ನೊವೊಮಿಯೂ ಆ ಧಾನ್ಯ ನೋಡಿದವಳೇ, ಎಲ್ಲಿ ಆಯ್ದೆ, ನಿನ್ನನ್ನು ಗಮನಿಸಿದವನಿಗೆ ಒಳ್ಳೆಯದಾಗಲಿ ಅನ್ನುತ್ತಾಳೆ. ಬಡತನ ಕಂಡವರಿಗೆ ಆ ಅಳತೆ ನೋಡಿದ ಕೂಡಲೇ ಗೊತ್ತಾಗುತ್ತದೆ, ಅಲ್ವಾ?

ಹೀಗೆ ಬಿಡಬೇಕು ಅಂತ ನಿಯಮ ಏನಾದರೂ ಇತ್ತಾ ಎಂದು ಅಜ್ಜಿ ಕೇಳಿದರು. ಹುಡುಕಿದೆವು. ಇತ್ತು. ಹೊಲದ ಅಂಚಿನವರೆಗೂ ಕೊಯ್ಯಬೇಡ, ಹಕ್ಕಲು ಬಡವರಿಗೂ ಪರದೇಶದವರಿಗೂ ಇರಲಿ ಅನ್ನುವ ಮಾತು ಯಾಜಕಕಾಂಡದ 19ನೇ ಅಧ್ಯಾಯದಲ್ಲಿದೆ. ನಾನು ಮೂರು ವರ್ಷ ನಿಲ್ಲಿಸುತ್ತಿದ್ದ ಜಾಗದಿಂದ ಆರೇ ಅಧ್ಯಾಯ ಮುಂದೆ.

ಈ ಬರಹಗಳನ್ನು ಮೊದಲಿಂದಲೂ ಜನರ ನಡುವೆ ಗಟ್ಟಿಯಾಗಿ ಓದುತ್ತಿದ್ದರು. ಕೊಲೊಸ್ಸೆಯವರಿಗೆ ಬರೆದ ಪತ್ರವನ್ನು ಲವೊದಿಕೀಯದ ಸಭೆಯಲ್ಲೂ ಓದಿಸಿ ಎಂದು ಅದನ್ನು ಬರೆದ ಅಪೊಸ್ತಲ ಪೌಲನೇ ಹೇಳುತ್ತಾನೆ. ರಥದಲ್ಲಿ ಕೂತು ಯೆಶಾಯನ ಗ್ರಂಥ ಓದುತ್ತಿದ್ದ ಐಥಿಯೋಪ್ಯದ ಅಧಿಕಾರಿಯನ್ನು 'ಅರ್ಥವಾಗುತ್ತಾ?' ಎಂದು ಸುವಾರ್ತೆ ಸಾರುತ್ತಿದ್ದ ಫಿಲಿಪ್ಪ ಕೇಳಿದಾಗ, ಯಾರಾದರೂ ತಿಳಿಸಿಕೊಡದೆ ಹೇಗೆ ಅರ್ಥವಾಗುತ್ತದೆ ಅಂದ. ಫಿಲಿಪ್ಪನನ್ನು ಹತ್ತಿಸಿಕೊಂಡು ಪಕ್ಕದಲ್ಲಿ ಕೂರಿಸಿಕೊಂಡ.

ದಯವಿಟ್ಟು ನಿಮ್ಮ ಬೀದಿಯಲ್ಲೂ ಶುರು ಮಾಡಿ. ಪಾಸ್ಟರ್ ಬರಲಿ ಅಂತ ಕಾಯಬೇಡಿ. ಮೂರು ಜನ ಸಾಕು. ವಾರಕ್ಕೆ ಒಂದೇ ಅಧ್ಯಾಯ ಓದಿ, ಆದರೆ ವಾರ ತಪ್ಪಿಸಬೇಡಿ. ಓದಲು ಬಾರದವರನ್ನು ಮೊದಲು ಕರೆಯಿರಿ.

ನಾವೀಗ ಮಾರ್ಕನ ಸುವಾರ್ತೆಯಲ್ಲಿದ್ದೇವೆ. ಈ ಬುಧವಾರ ನಾಲ್ಕನೇ ಅಧ್ಯಾಯ, ಯೇಸು ಹೇಳಿದ ಬಿತ್ತುವವನ ಸಾಮ್ಯ, ಅಂದರೆ ನೀತಿ ಕಥೆ. ಅಜ್ಜಿ ಆಗಲೇ ಕೇಳಿದ್ದಾರೆ, ಬೀಜ ಯಾವುದು ಅಂತ.