ಕೈಯಲ್ಲೊಂದು ಕಾಗದ ಇರಲಿ

ಕೇಳುಗರೆಲ್ಲರಿಗೂ ನಮಸ್ಕಾರ.

ಟೊಮೆಟೊ ಬೆಲೆ ನೆಲಕಚ್ಚಿದಾಗ ಹೆದ್ದಾರಿ ಬದಿಯಲ್ಲಿ ಕೂರುವ ಕೋಲಾರದ ರೈತರು, ಗೌರವಧನ ಹೆಚ್ಚಿಸಿ ಎಂದು ಜಿಲ್ಲಾಧಿಕಾರಿ ಕಚೇರಿ ಮುಂದೆ ಶಾಮಿಯಾನ ಹಾಕುವ ಅಂಗನವಾಡಿ ತಾಯಂದಿರು, ನರಸಾಪುರ, ವೇಮಗಲ್ ಕಡೆಯ ಗುತ್ತಿಗೆ ಕಾರ್ಮಿಕರು, ಕೊಳವೆಬಾವಿ ಬತ್ತಿ ಖಾಲಿ ಕೊಡ ಹಿಡಿದು ತಾಲ್ಲೂಕು ಕಚೇರಿಗೆ ಬರುವ ಚಿಂತಾಮಣಿ, ಬಾಗೇಪಲ್ಲಿ ಹಳ್ಳಿಗಳ ಹೆಣ್ಣುಮಕ್ಕಳು, ಇವತ್ತಿನ ಮಾತು ನಿಮಗೆ. ನಿಮ್ಮ ಬೇಡಿಕೆ ಸರಿಯೋ ತಪ್ಪೋ ಎಂಬುದು ಇಲ್ಲಿನ ವಿಷಯವಲ್ಲ. ಶಾಂತವಾಗಿ ಕೂತ ನಿಮ್ಮನ್ನು ಪೊಲೀಸರು ಹೇಗೆ ನಡೆಸಿಕೊಳ್ಳಬೇಕು, ಹಾಗೆ ನಡೆಸಿಕೊಳ್ಳದಿದ್ದರೆ ಲೆಕ್ಕ ಕೇಳುವುದು ಹೇಗೆ ಎಂಬುದು ವಿಷಯ.

ಹೇಳಬೇಕಾದ್ದು ಒಂದೇ ಮಾತು. ಪೊಲೀಸರ ಜೊತೆ ಏನೇ ನಡೆಯಲಿ, ತಾರೀಕು, ಗಂಟೆ, ಹೆಸರು ಈ ಮೂರೂ ಇರುವ ಒಂದು ಕಾಗದ ನಿಮ್ಮ ಕೈಯಲ್ಲಿ ಇರಬೇಕು. ಬಾಯಿಮಾತಿಗೆ ಸಾಕ್ಷಿ ಇಲ್ಲ.

ಮೊದಲಿಗೆ ಅನುಮತಿಯ ಮಾತು. ‘ಪರ್ಮಿಷನ್ ಇದೆಯಾ’ ಎಂದು ಕೇಳಿದ ಕೂಡಲೇ ಅರ್ಧ ಜನ ಚಾಪೆ ಸುತ್ತಿಬಿಡುತ್ತಾರೆ. ಆಯುಧವಿಲ್ಲದೆ ಶಾಂತವಾಗಿ ಸೇರುವುದು ಸಂವಿಧಾನದ 19ನೇ ವಿಧಿ ಕೊಟ್ಟ ಹಕ್ಕು, ಠಾಣೆ ಕೊಡುವ ದಾನವಲ್ಲ. ಜಾಗ, ಹೊತ್ತು, ದಾರಿ ಇವುಗಳಿಗೆ ಪೊಲೀಸರು ಕಟ್ಟುಪಾಡು ಹಾಕಬಹುದು. ಸಭೆಯೇ ಬೇಡ ಎಂದು ಸುಮ್ಮನೆ ತಳ್ಳಿಹಾಕುವಂತಿಲ್ಲ. ಇದನ್ನು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹಿಮ್ಮತ್‌ಲಾಲ್ ಷಾ ಪ್ರಕರಣದಲ್ಲಿ 1972ರಲ್ಲೇ ಹೇಳಿದೆ. ಐವತ್ತು ವರ್ಷ ದಾಟಿತು, ಇನ್ನೂ ಇದನ್ನೇ ಹೇಳುತ್ತಿರಬೇಕಾಗಿದೆ.

ಆದ್ದರಿಂದ ಒಂದು ವಾರ ಮೊದಲೇ ಠಾಣೆಗೆ ಒಂದು ಪತ್ರ ಕೊಡಿ. ಸಂಘದ ಹೆಸರು, ಏತಕ್ಕಾಗಿ, ಎಲ್ಲಿ, ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ, ಸುಮಾರು ಎಷ್ಟು ಜನ, ಮೆರವಣಿಗೆಯಾದರೆ ಯಾವ ರಸ್ತೆಯಲ್ಲಿ, ಮುಂದೆ ನಿಲ್ಲುವ ಇಬ್ಬರ ಹೆಸರು ಮತ್ತು ಫೋನ್ ನಂಬರ್, ಇಷ್ಟು ಬರೆದರೆ ಸಾಕು. ಪತ್ರದ ಮೂರು ಪ್ರತಿ ಇರಲಿ: ಠಾಣೆಗೆ ಒಂದು, ಡಿವೈಎಸ್ಪಿ ಕಚೇರಿಗೆ ಒಂದು, ನಿಮಗೆ ಒಂದು. ನಿಮ್ಮ ಪ್ರತಿಯ ಮೇಲೆ ಸೀಲು, ಸಹಿ, ತಾರೀಕು ಬೀಳುವವರೆಗೆ ಅಲ್ಲಿಂದ ಕದಲಬೇಡಿ. ‘ಇಟ್ಟು ಹೋಗಿ, ಸಾಹೇಬ್ರಿಗೆ ತೋರಿಸ್ತೀವಿ’ ಎಂದರೆ ಅದು ಸ್ವೀಕೃತಿಯಲ್ಲ. ಸೀಲು ಹಾಕದಿದ್ದರೆ ಹೊರಗೆ ಬಂದು ಅದೇ ಪತ್ರವನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ಅಂಚೆ ರಸೀದಿ ಇಟ್ಟುಕೊಳ್ಳಿ. ಮೈಕಿಗೆ ಮಾತ್ರ ಬೇರೆಯಾಗಿ ಅನುಮತಿ ಬೇಕು, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಅದು ಸಿಗುವುದೂ ಇಲ್ಲ. ಪೊಲೀಸರು ಬೇಡ ಎಂದರೆ, ಯಾಕೆ ಬೇಡ ಎಂದು ಹಿಂಬರಹ ಕೇಳಿ. ಕಾರಣ ಬರೆದುಕೊಡಬೇಕಾಗಿ ಬಂದಾಗ ಎಷ್ಟೋ ಬೇಡಗಳು ಕರಗಿಹೋಗುತ್ತವೆ.

ಇನ್ನು ನಿಷೇಧಾಜ್ಞೆ. ಹಳೆಯ 144ನೇ ಸೆಕ್ಷನ್ ಎಂದರೆ ಎಲ್ಲರಿಗೂ ಗೊತ್ತು. 2024ರ ಜುಲೈ 1ರಿಂದ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಸೆಕ್ಷನ್ ಆಗಿದೆ. ‘ಸೆಕ್ಷನ್ ಹಾಕಿದೀವಿ, ಎದ್ದು ಹೋಗಿ’ ಎಂದರೆ ಆದೇಶದ ಪ್ರತಿ ಕೇಳಿ. ಅದರಲ್ಲಿ ಯಾವ ಅಧಿಕಾರಿ ಹೊರಡಿಸಿದ್ದು, ಯಾವ ಕಾರಣಕ್ಕೆ, ಎಲ್ಲಿಂದ ಎಲ್ಲಿವರೆಗೆ, ಎಷ್ಟು ದಿನ ಎಂಬುದೆಲ್ಲ ಇರಲೇಬೇಕು. 2019ರ ಡಿಸೆಂಬರ್ 18ರಂದು ಬೆಂಗಳೂರಿನಲ್ಲಿ ಹೊರಡಿಸಿದ್ದ ಇಂಥ ಆದೇಶವನ್ನು ನಮ್ಮ ಹೈಕೋರ್ಟ್ 2020ರ ಫೆಬ್ರುವರಿಯಲ್ಲಿ ಕಾನೂನುಬಾಹಿರ ಎಂದಿತು. ಆ ಆದೇಶವನ್ನು ಕೋರ್ಟು ಪರೀಕ್ಷಿಸಲು ಆದದ್ದು ಅದು ಕಾಗದದಲ್ಲಿ ಇದ್ದದ್ದರಿಂದ.

ನಿಷೇಧಾಜ್ಞೆ ಎಂದಮೇಲೆ ವಿದುರಾಶ್ವತ್ಥವನ್ನು ನೆನೆಯದೆ ಮುಂದೆ ಹೋಗಲಾಗದು. ಇದನ್ನು ಸ್ವಲ್ಪ ನಿಧಾನವಾಗಿ ಕೇಳಿ.

ಗೌರಿಬಿದನೂರಿನಿಂದ ಹಿಂದೂಪುರದ ಕಡೆಗೆ ಹೋದರೆ, ಉತ್ತರ ಪಿನಾಕಿನಿಯ ದಡದಲ್ಲಿ ಈ ಕ್ಷೇತ್ರ. ವಿದುರ ನೆಟ್ಟದ್ದು ಎಂದು ಹಿರಿಯರು ಹೇಳುತ್ತಿದ್ದ ಅಶ್ವತ್ಥ ಮರ 2001ರಲ್ಲಿ ಉರುಳಿತು. ಹರಕೆ ಹೊತ್ತವರು ನಿಲ್ಲಿಸಿದ ನಾಗರಕಲ್ಲುಗಳು ಸಾಲುಸಾಲಾಗಿ ಈಗಲೂ ಇವೆ, ಅರಿಶಿನ ಕುಂಕುಮ ಮೆತ್ತಿಕೊಂಡು. 1938ರಲ್ಲಿ ಇದು ಮೈಸೂರು ಸಂಸ್ಥಾನದ ಕೋಲಾರ ಜಿಲ್ಲೆಗೆ ಸೇರಿತ್ತು. ಆ ವರ್ಷದ ಏಪ್ರಿಲ್‌ನಲ್ಲಿ ಮದ್ದೂರಿನ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆದಿತ್ತು. ಕಾಂಗ್ರೆಸ್ಸಿನ ಬಾವುಟ ಹಾರಿಸುವುದಕ್ಕೆ ಸಂಸ್ಥಾನದಲ್ಲಿ ತಡೆ ಇತ್ತು. ಆ ಬಿಸಿ ನಮ್ಮ ಸೀಮೆಗೂ ತಟ್ಟಿತು. ಏಪ್ರಿಲ್ 25ರಂದು ಸುತ್ತಲ ಹಳ್ಳಿಗಳಿಂದ ಸಾವಿರಾರು ಜನ ವಿದುರಾಶ್ವತ್ಥಕ್ಕೆ ಬಂದರು. ಅವು ಜಾತ್ರೆಯ ದಿನಗಳು. ಬುತ್ತಿ ಕಟ್ಟಿಕೊಂಡು, ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡು ಬಂದ ಜನ. ಸಭೆ ಸೇರಬಾರದು, ಭಾಷಣ ಮಾಡಬಾರದು ಎಂಬ ಆಜ್ಞೆ ಇತ್ತು. ಜನ ಚದುರಲಿಲ್ಲ. ಪೊಲೀಸರು ಗುಂಡು ಹಾರಿಸಿದರು.

ಸತ್ತವರು ಎಷ್ಟು? ಇಲ್ಲಿದೆ ನೋಡಿ ಗಂಟು. ಸರ್ಕಾರದ ಲೆಕ್ಕ ಹತ್ತರ ಆಸುಪಾಸಿನಲ್ಲಿ ನಿಂತಿತು. ಕಾಂಗ್ರೆಸ್ಸಿನ ಲೆಕ್ಕ ಮೂವತ್ತನ್ನು ದಾಟಿತು. ಒಂದೇ ತೋಪು, ಒಂದೇ ಮಧ್ಯಾಹ್ನ, ಲೆಕ್ಕದಲ್ಲಿ ಇಪ್ಪತ್ತು ಜೀವಗಳ ವ್ಯತ್ಯಾಸ! ಯಾವ ಊರಿನಿಂದ ಯಾರು ಬಂದಿದ್ದರು, ಯಾರು ಮನೆಗೆ ಮರಳಲಿಲ್ಲ ಎಂದು ಆ ಗಳಿಗೆಯಲ್ಲಿ ಬರೆದಿಟ್ಟ ಪಟ್ಟಿಯೊಂದು ಜನರ ಬಳಿ ಇದ್ದಿದ್ದರೆ ಈ ಇಪ್ಪತ್ತರ ಬಗ್ಗೆ ವಾದವೇ ಇರುತ್ತಿರಲಿಲ್ಲ. ಗಾಂಧೀಜಿ ಸರ್ದಾರ್ ಪಟೇಲರನ್ನೂ ಆಚಾರ್ಯ ಕೃಪಲಾನಿಯವರನ್ನೂ ಬೆಂಗಳೂರಿಗೆ ಕಳಿಸಿದರು. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಜೊತೆ ಮೇ ತಿಂಗಳಲ್ಲಿ ಒಪ್ಪಂದವಾಯಿತು. ಸಂಸ್ಥಾನದ ಬಾವುಟದ ಜೊತೆಗೆ ಕಾಂಗ್ರೆಸ್ಸಿನ ಬಾವುಟವನ್ನೂ ಹಾರಿಸಬಹುದು ಎಂದಾಯಿತು. ಯಾವ ಬಾವುಟಕ್ಕಾಗಿ ಏಪ್ರಿಲ್‌ನಲ್ಲಿ ಜನ ಗುಂಡು ತಿಂದರೋ ಅದೇ ಬಾವುಟ ಮೇ ತಿಂಗಳಲ್ಲಿ ಸರ್ಕಾರದ ಒಪ್ಪಿಗೆಯಿಂದಲೇ ಏರಿತು. ಗುಂಡು ಹಾರಿಸಿದ್ದರ ವಿಚಾರಣೆಗೆ ನ್ಯಾಯಮೂರ್ತಿ ವೇಪ ರಾಮೇಶಂ ಅವರ ಸಮಿತಿ ಕೂತಿತು. ಇವತ್ತು ಅಲ್ಲಿ ಹುತಾತ್ಮರ ಸ್ತೂಪ ಇದೆ, ವೀರಸೌಧ ಇದೆ. ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿ. ತೋರಿಸುವಾಗ ಆ ಎರಡು ಲೆಕ್ಕಗಳ ಕಥೆಯನ್ನೂ ಹೇಳಿ.

ವಿದುರಾಶ್ವತ್ಥದ ವಿಷಯಕ್ಕೆ ಬಂದರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಉಳಿದದ್ದನ್ನು ಬೇಗ ಹೇಳುತ್ತೇನೆ.

ಪ್ರತಿಭಟನೆಯ ದಿನ ಪಟ್ಟಿ ಬರೆಯುವುದಕ್ಕೆಂದೇ ಒಬ್ಬರನ್ನು ನೇಮಿಸಿ. ಅವರು ಘೋಷಣೆ ಕೂಗಬಾರದು, ಮುಂದೆ ಕೂರಬಾರದು, ಪೊಲೀಸ್ ಬಸ್ ಹತ್ತಬಾರದು. ಒಂದು ನೋಟ್‌ಬುಕ್, ಎರಡು ಪೆನ್ನು ಇರಲಿ. ವಶಕ್ಕೆ ತೆಗೆದುಕೊಂಡರೆ ಬಸ್ಸಿನ ನಂಬರ್, ಹತ್ತಿದವರ ಹೆಸರು, ಎಷ್ಟು ಗಂಟೆ, ಜಿಲ್ಲಾ ಸಶಸ್ತ್ರ ಪೊಲೀಸ್ ಪಡೆಯ ಡಿಎಆರ್ ಮೈದಾನಕ್ಕೋ ಯಾವ ಠಾಣೆಗೋ, ಎಲ್ಲ ಬರೆಯಬೇಕು. ಸಂಜೆ ಇಳಿಯುವಾಗ ಅದೇ ಪಟ್ಟಿ ಹಿಡಿದು ತಲೆ ಎಣಿಸಬೇಕು. ಅಧಿಕಾರಿಯ ಹೆಸರು ಎದೆಯ ಪಟ್ಟಿಯಲ್ಲಿ ಇರುತ್ತದೆ. ರಕ್ಷಾ ಕವಚ ಹಾಕಿಕೊಂಡಾಗ ಅದು ಮುಚ್ಚಿಹೋಗುತ್ತದೆ, ಆಗ ಭುಜ ನೋಡಿ. ಕೆಂಪು ನೀಲಿ ಪಟ್ಟಿಯ ಜೊತೆ ಒಂದು ನಕ್ಷತ್ರವಾದರೆ ಎಎಸ್‌ಐ, ಎರಡಾದರೆ ಪಿಎಸ್‌ಐ, ಮೂರಾದರೆ ಇನ್‌ಸ್ಪೆಕ್ಟರ್. ಪಟ್ಟಿ ಇಲ್ಲದೆ ಬರೀ ಮೂರು ನಕ್ಷತ್ರವಾದರೆ ಡಿವೈಎಸ್ಪಿ.

ಬಂಧಿಸುವ ಪೊಲೀಸರ ಹೆಸರು ಎದ್ದು ಕಾಣುವಂತೆ ಇರಬೇಕು ಎಂದು ಅದೇ ನಾಗರಿಕ ಸುರಕ್ಷಾ ಸಂಹಿತೆಯ 36ನೇ ಸೆಕ್ಷನ್ ಹೇಳುತ್ತದೆ. ಬಂಧನದ ಮೆಮೊ ಬರೆಯಬೇಕು, ಮನೆಯವರೋ ಊರಿನ ಗೌರವಸ್ಥರೋ ಒಬ್ಬರು ಸಾಕ್ಷಿ ಸಹಿ ಹಾಕಬೇಕು, ಬಂಧಿತರೂ ಸಹಿ ಹಾಕಬೇಕು. ಡಿ.ಕೆ. ಬಸು ಪ್ರಕರಣದಲ್ಲಿ 1996ರಲ್ಲಿ ಸುಪ್ರೀಂ ಕೋರ್ಟ್ ಹಾಕಿಕೊಟ್ಟ ದಾರಿ ಇದು. ಕಾರಣ ಹೇಳಬೇಕು, ಮನೆಗೆ ತಿಳಿಸಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಹೆಂಗಸರನ್ನು ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ಬಂಧಿಸುವಂತಿಲ್ಲ. ತೀರಾ ಅನಿವಾರ್ಯವಾದರೆ ಮಹಿಳಾ ಅಧಿಕಾರಿಯೇ ಮ್ಯಾಜಿಸ್ಟ್ರೇಟರ ಅನುಮತಿಯನ್ನು ಮೊದಲೇ ಪಡೆದಿರಬೇಕು. ಬಿಡುವಾಗ ಮುಚ್ಚಳಿಕೆಗೆ ಸಹಿ ಕೇಳಿದರೆ ಓದಿ ಸಹಿ ಹಾಕಿ. ಖಾಲಿ ಹಾಳೆಗೆ, ಅರ್ಧ ತುಂಬಿದ ಹಾಳೆಗೆ ಸಹಿ ಹಾಕಲೇಬೇಡಿ.

ಲಾಠಿಯ ವಿಷಯ. ಗುಂಪು ಚದುರಲಿ ಎಂದು ಆಜ್ಞೆ ಕೊಡುವ ಅಧಿಕಾರ ಪಿಎಸ್‌ಐ ಅಥವಾ ಮೇಲಿನವರಿಗೆ, ಇಲ್ಲವೇ ತಹಶೀಲ್ದಾರರಂಥ ಮ್ಯಾಜಿಸ್ಟ್ರೇಟರಿಗೆ ಮಾತ್ರ. ಅದೂ ಐದು ಅಥವಾ ಹೆಚ್ಚು ಜನ ಸೇರಿ ಶಾಂತಿ ಕದಡುವ ಸಂಭವ ಇದ್ದಾಗ. ಮೊದಲು ಎಚ್ಚರಿಕೆ, ಹೊರಡಲು ಸಮಯ, ಆಮೇಲೆ ಬಲ. ಬಲವೂ ಚದುರಿಸಲು ಬೇಕಾದಷ್ಟು ಮಾತ್ರ, ಪೆಟ್ಟು ಸೊಂಟದ ಕೆಳಗೆ. ಕೆಳಗೆ ಬಿದ್ದವರಿಗೆ, ಓಡುತ್ತಿರುವವರಿಗೆ ಹೊಡೆಯುವುದು ಚದುರಿಸುವುದಲ್ಲ, ಶಿಕ್ಷೆ ಕೊಡುವುದು. ಶಿಕ್ಷೆ ಕೊಡುವ ಕೆಲಸ ಕೋರ್ಟಿನದು. ಗುಂಪು ಹತೋಟಿಗೆ ಬಂದ ಮೇಲೂ ಹೊಡೆದದ್ದು ತಪ್ಪು ಎಂದು 2016ರಲ್ಲಿ ಅನಿತಾ ಠಾಕೂರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪರಿಹಾರವನ್ನೇ ಕೊಡಿಸಿತು. ಅದೇ ವರ್ಷ ಮಾರ್ಚ್‌ನಲ್ಲಿ, ಶಾಶ್ವತ ನೀರಾವರಿ ಕೇಳಿ ಟ್ರ್ಯಾಕ್ಟರ್ ಏರಿ ಬೆಂಗಳೂರಿಗೆ ಹೋದ ಕೋಲಾರ, ಚಿಕ್ಕಬಳ್ಳಾಪುರ ಎರಡೂ ಜಿಲ್ಲೆಗಳ ನಮ್ಮ ರೈತರ ಮೇಲೆ ಲಾಠಿ ಬೀಸಿದ್ದು ನಿಮಗೆ ನೆನಪಿರಬಹುದು.

ಪೆಟ್ಟು ಬಿದ್ದರೆ ಅಂದೇ ಸರ್ಕಾರಿ ಆಸ್ಪತ್ರೆಗೆ ಹೋಗಿ. ಇಲ್ಲೇ ಎಲ್ಲರೂ ಎಡವುವುದು. ಡಾಕ್ಟರು ‘ಏನಾಯಿತು’ ಎಂದರೆ ಹೆದರಿಕೆಗೆ ‘ಗಾಡಿಯಿಂದ ಬಿದ್ದೆ’ ಎನ್ನುತ್ತಾರೆ. ಓಪಿ ಚೀಟಿಯಲ್ಲಿ ಅದೇ ಬರೆದಾಗುತ್ತದೆ. ಆರು ತಿಂಗಳಾದ ಮೇಲೆ ಕೋರ್ಟಿನಲ್ಲಿ ಆ ಒಂದು ಸಾಲು ಇಡೀ ಕೇಸನ್ನು ನುಂಗುತ್ತದೆ. ‘ಇಂಥ ಜಾಗದಲ್ಲಿ, ಇಷ್ಟು ಗಂಟೆಗೆ ಪೊಲೀಸರು ಲಾಠಿಯಲ್ಲಿ ಹೊಡೆದರು’ ಎಂದೇ ಹೇಳಿ, ಎಂಎಲ್‌ಸಿ ಮಾಡಿಸಿ, ಅಂದರೆ ಪೊಲೀಸ್, ಕೋರ್ಟಿಗೆ ಬೇಕಾಗುವ ಗಾಯದ ದಾಖಲೆ ಬರೆಸಿ, ಅದರ ನಂಬರ್ ಬರೆದುಕೊಳ್ಳಿ.

ಲಾಠಿ ಏಟಿನ ಗುರುತು ಬೇರೆಯೇ ಇರುತ್ತದೆ. ಎರಡು ಕೆಂಪು ಗೆರೆ ಒಂದರ ಪಕ್ಕ ಒಂದು, ನಡುವೆ ಬಿಳಿಚಿಕೊಂಡ ಚರ್ಮ, ಥೇಟ್ ರೈಲು ಹಳಿ. ಬಿದ್ದ ಗಾಯ ಹೀಗಿರುವುದಿಲ್ಲ, ಅದು ತರಚಿರುತ್ತದೆ. ಮೊದಲ ದಿನ ಕೆಂಪು, ಆಮೇಲೆ ನೀಲಿ, ಐದಾರು ದಿನಕ್ಕೆ ಹಸಿರು, ಆಮೇಲೆ ಹಳದಿ, ಎರಡು ವಾರದಲ್ಲಿ ಮಾಯ. ಹಾಗಾಗಿ ಅಂದೇ ಹಗಲು ಬೆಳಕಿನಲ್ಲಿ, ಗಾಯದ ಪಕ್ಕ ಒಂದು ಸ್ಕೇಲ್ ಇಟ್ಟು, ಮುಖ ಕಾಣುವ ಹಾಗೆ ಒಂದು, ಹತ್ತಿರದಿಂದ ಒಂದು ಫೋಟೊ ತೆಗೆಯಿರಿ. ಮೂರನೇ ದಿನ ಮತ್ತೆ ತೆಗೆಯಿರಿ. ಫೋಟೊ, ವಿಡಿಯೊ ತೆಗೆದ ಫೋನಿನಲ್ಲೇ ಇರಲಿ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಪ್ರತಿ ಕುಗ್ಗುತ್ತದೆ, ತೆಗೆದ ಸಮಯದ ವಿವರ ಅಳಿಸಿಹೋಗುತ್ತದೆ. ಹಾಡು ಸೇರಿಸಿ ಸ್ಟೇಟಸ್‌ಗೆ ಹಾಕಿದ್ದನ್ನು ಕೋರ್ಟು ಮೂಸಿಯೂ ನೋಡುವುದಿಲ್ಲ.

ಠಾಣೆಯೊಳಗೆ ಹೊಡೆದಿದ್ದರೆ ಅಲ್ಲಿನ ಸಿಸಿ ಕ್ಯಾಮೆರಾ ಇದೆ. ದೃಶ್ಯ, ಧ್ವನಿ ಎರಡೂ ದಾಖಲಾಗಬೇಕು, 18 ತಿಂಗಳು ಇಡಬೇಕು ಎಂದು 2020ರ ಡಿಸೆಂಬರ್‌ನಲ್ಲಿ ಪರಮವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೂ ಕಾಯಬೇಡಿ. ಇಂಥ ದಿನ, ಇಷ್ಟರಿಂದ ಇಷ್ಟು ಗಂಟೆ, ಲಾಕಪ್ ಮುಂದಿನ ಮತ್ತು ವರಾಂಡದ ದೃಶ್ಯ ಅಳಿಸದಂತೆ ಕಾಯ್ದಿಡಿ ಎಂದು ವಾರದೊಳಗೆ ಎಸ್ಪಿಯವರಿಗೆ ಬರೆಯಿರಿ. ಜೊತೆಗೆ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿಯನ್ನೂ ಹಾಕಿ.

ದೂರು ಎಲ್ಲಿಗೆ? ಮೊದಲು ಠಾಣೆಗೆ. ತೆಗೆದುಕೊಳ್ಳದಿದ್ದರೆ ಅಂಚೆಯಲ್ಲಿ ಎಸ್ಪಿಗೆ, ಅಲ್ಲೂ ಆಗದಿದ್ದರೆ ಅಫಿಡವಿಟ್ ಜೊತೆ ಮ್ಯಾಜಿಸ್ಟ್ರೇಟ್ ಕೋರ್ಟಿಗೆ. ಕೋಲಾರ ಜಿಲ್ಲೆಯವರು ಗಮನಿಸಿ, ನಿಮ್ಮಲ್ಲಿ ಎಸ್ಪಿಗಳು ಇಬ್ಬರು. ಬಂಗಾರಪೇಟೆ, ಕೆಜಿಎಫ್ ಕಡೆಯವರು ಕೆಜಿಎಫ್ ಎಸ್ಪಿಗೆ ಬರೆಯಬೇಕು, ಕೋಲಾರಕ್ಕಲ್ಲ. ಪೊಲೀಸ್ ಸುಧಾರಣೆ ಕುರಿತು ಸುಪ್ರೀಂ ಕೋರ್ಟ್ ಕೊಟ್ಟ ಪ್ರಕಾಶ್ ಸಿಂಗ್ ತೀರ್ಪಿನ ಮೇಲೆ ಬಂದ ಪೊಲೀಸ್ ದೂರು ಪ್ರಾಧಿಕಾರಗಳಿವೆ: ಡಿವೈಎಸ್ಪಿವರೆಗಿನವರ ಮೇಲಿನ ದೂರು ಜಿಲ್ಲಾ ಪ್ರಾಧಿಕಾರಕ್ಕೆ, ಎಸ್ಪಿ ಮತ್ತು ಮೇಲಿನವರದು ರಾಜ್ಯ ಪ್ರಾಧಿಕಾರಕ್ಕೆ. ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೂ ಬರೆಯಬಹುದು, ಶುಲ್ಕವಿಲ್ಲ, ಆದರೆ ಘಟನೆ ನಡೆದ ಒಂದು ವರ್ಷದೊಳಗೆ. ಎಲ್ಲಿಗೆ ಹೋದರೂ ಮೊದಲು ಕೇಳುವುದು ಇಷ್ಟೇ: ಆ ಸೀಲು ಬಿದ್ದ ಪ್ರತಿ, ಆ ಹೆಸರಿನ ಪಟ್ಟಿ, ಆ ಎಂಎಲ್‌ಸಿ ನಂಬರ್.

ವಕೀಲರಿಗೆ ಕೊಡಲು ದುಡ್ಡಿಲ್ಲ ಎನ್ನುವವರು ಕೋರ್ಟ್ ಆವರಣದಲ್ಲೇ ಇರುವ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಪೊಲೀಸರ ವಶದಲ್ಲಿರುವ ಯಾರಿಗೇ ಆಗಲಿ, ಆದಾಯ ಕೇಳದೆ ವಕೀಲರನ್ನು ಕೊಡುತ್ತಾರೆ. ಫೋನ್ ನಂಬರ್ 15100. ಪೆನ್ನು ಹತ್ತಿರ ಇದ್ದರೆ ಈಗಲೇ ಬರೆದುಕೊಳ್ಳಿ, ಒಂದು ಐದು ಒಂದು ಸೊನ್ನೆ ಸೊನ್ನೆ. ನಮಸ್ಕಾರ.